ಅಕ್ಕನಾರು, ತಂಗಿಯಾರು? — ಸೋದರಿ ಧರ್ಮಕೇಂದ್ರಗಳ ನಂಟನ್ನು ಕುರಿತು

ಕಥೋಲಿಕ ಕ್ರೈಸ್ತರಲ್ಲಿ ಒಬ್ಬ ವಿಚಾರಣಾಗುರುವಿನ ಹೊಣೆಗೆ ಸೇರಿದ ಸಮುದಾಯವನ್ನು ‘ಧರ್ಮಕೇಂದ್ರ’ವೆಂದೂ, ಒಬ್ಬ ಬಿಷಪ್ಪರ ಅಧೀನದಲ್ಲಿರುವ ಅಂಥ ಕೇಂದ್ರಗಳ ಸಮೂಹವನ್ನು ‘ಧರ್ಮಪ್ರಾಂತ್ಯ’ವೆಂದೂ ಕರೆಯುವುದು ರೂಢಿ. ದೂರದ ಎರಡು ಧರ್ಮಕೇಂದ್ರಗಳು ಪ್ರಾರ್ಥನೆ, ಭೇಟಿ, ನೆರವುಗಳ ಮೂಲಕ ನಂಟು ಬೆಳೆಸಿಕೊಂಡರೆ ಅವು ‘ಸೋದರಿ ಧರ್ಮಕೇಂದ್ರ’ಗಳೆನಿಸುತ್ತವೆ. 1957ರಲ್ಲಿ ಹನ್ನೆರಡನೆಯ ಪಯಸ್ ಪೋಪರು ‘ಫಿದೆಯಿ ದೋನುಂ’ ಎಂಬ ಪತ್ರದಲ್ಲಿ, ಗುರುಗಳ ಕೊರತೆಯಿರುವ ದೇಶಗಳಿಗೆ ಇತರ ಧರ್ಮಪ್ರಾಂತ್ಯಗಳು ತಮ್ಮ ಗುರುಗಳನ್ನು ಕಳುಹಿಸಬೇಕೆಂದು ಕೇಳಿಕೊಂಡರು. ಎರಡನೆಯ ವ್ಯಾಟಿಕನ್ ಮಹಾಸಭೆಯ 1965ರ ‘ಆದ್ ಜೆಂತೆಸ್’ ನಿರೂಪವು ಧರ್ಮಕೇಂದ್ರಗಳ ನಡುವಣ ನೇರ ಸಂಪರ್ಕವನ್ನೂ ಉಪಯುಕ್ತವೆಂದು ಎಣಿಸಿತು.

ಯಾದಗಿರಿ, ಶಹಾಪುರ, ಸುರಪುರಗಳು 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾದ ಸೀಮೆ. ಕಥೋಲಿಕ ಆಡಳಿತದಲ್ಲಿ 2005ರಲ್ಲಿ ಸ್ಥಾಪಿತವಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿದುದು. ಇಲ್ಲಿ ಕಥೋಲಿಕರ ಸಂಖ್ಯೆ ಅಲ್ಪ. ಒಳನಾಡಿನ ಇಂಥ ಕೇಂದ್ರಗಳಲ್ಲಿ ಕೊಂಕಣಿ ಮನೆಮಾತಿನ ಕರಾವಳಿಯ ಗುರುಗಳೂ ಧರ್ಮಭಗಿನಿಯರೂ ಸೇವೆ ಸಲ್ಲಿಸುವುದು ಸಾಮಾನ್ಯ. ಆದ್ದರಿಂದ ಕರಾವಳಿಯ ಒಂದು ಧರ್ಮಕೇಂದ್ರಕ್ಕೂ ಈ ಸೀಮೆಯ ಒಂದಕ್ಕೂ ಸೋದರಿತನ ಏರ್ಪಟ್ಟರೆ ಅದರ ಸ್ವರೂಪ ಹೇಗಿದ್ದೀತೆಂಬುದನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ಮೊದಲ ತೊಡಕು ಮಾತಿನದೇ. ‘ಸೋದರಿ’ ಎಂಬುದು ಗ್ರಂಥದ ಮಾತು. ಮನೆಯ ಮಾತಿನಲ್ಲಿ ಕನ್ನಡಿಗರಿಗೆ ಅಕ್ಕ ಉಂಟು, ತಂಗಿ ಉಂಟು, ಹಿರಿತನ ಕಿರಿತನಗಳನ್ನು ಹೇಳದ ಬರಿಯ ಸೋದರಿಯಿಲ್ಲ. ಹಾಗಾದರೆ ಅಕ್ಕನಾರು? ಹಣವೂ ಶಾಲೆಗಳೂ ಇರುವ ಕರಾವಳಿಯೇ ಅಕ್ಕನೆಂದು ಯಾರಾದರೂ ಥಟ್ಟನೆ ಹೇಳಿಯಾರು. ಚರಿತ್ರೆ ಅದಕ್ಕೆ ಒಪ್ಪುವುದಿಲ್ಲ. ಮಂಗಳೂರಿನ ರೊಸಾರಿಯೊ ದೇವಾಲಯ ಸ್ಥಾಪನೆಯಾದುದು 1568ರಲ್ಲಿ. ಸುರಪುರಕ್ಕೆ ದಕ್ಷಿಣದಲ್ಲಿ, ಕೃಷ್ಣೆಯಾಚೆಯ ಮುದಗಲ್ಲಿನಲ್ಲಿ, 1557ಕ್ಕೂ ಮೊದಲೇ ಕಥೋಲಿಕರ ಚಿಕ್ಕ ದೇವಾಲಯವಿದ್ದುದಾಗಿ ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಗೋವೆಯಿಂದ ಬಂದ ಪಾದ್ರಿಗಳಿಗೆ ಬಿಜಾಪುರದ ಆದಿಲಶಾಹಿ ಅರಸರ ಆಶ್ರಯವೂ ದೊರಕಿತ್ತು. ಮುದಗಲ್ಲು ಈ ಮೂರು ತಾಲ್ಲೂಕುಗಳಿಗೆ ಸೇರಿದ್ದಲ್ಲ, ನಿಜ. ಆದರೂ ಒಳನಾಡಿನ ಕ್ರೈಸ್ತಜೀವನವನ್ನು ಕರಾವಳಿಯ ಕಿರಿಯ ಕವಲೆಂದು ಎಣಿಸುವುದಕ್ಕೆ ಅದು ಅಡ್ಡಬರುತ್ತದೆ.

ಬಂಧುವಾಚಕ ಶಬ್ದ ಎಷ್ಟು ಭಾರ ಹೊರಬಲ್ಲುದೆಂಬುದಕ್ಕೆ ಸುರಪುರದಲ್ಲೇ ನಿದರ್ಶನವುಂಟು. 1841ರಲ್ಲಿ ಅಲ್ಲಿಗೆ ಬಂದ ಮೆಡೋಸ್ ಟೇಲರ್, ಬಾಲಕ ದೊರೆ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡನು. ದೊರೆ ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನೆಂದು ಟೇಲರನ ಆತ್ಮಕಥೆಯಿಂದ ತಿಳಿಯುತ್ತದೆ. ಅಲ್ಲಿ ವಾತ್ಸಲ್ಯವಿತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಅಪ್ಪ ಕಂಪೆನಿ ಸರಕಾರದ ಅಧಿಕಾರಿಯೂ ಹೌದು. 1858ರಲ್ಲಿ ದೊರೆ ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಸಿಕ್ಕಾಗ ಟೇಲರ್ ಅವನನ್ನು ಸೆರೆಯಲ್ಲಿ ಕಂಡನು, ಅವನಿಗಾಗಿ ಮರುಗಿದನು, ಬಿಡಿಸಲಾರದೆ ಹೋದನು. ಅದೇ ವರ್ಷ ದೊರೆ ಗುಂಡಿಗೆ ಬಲಿಯಾಗಿ ತೀರಿಕೊಂಡನು. ‘ಅಪ್ಪ’ ಎಂಬುದರೊಳಗಿನ ಪ್ರೀತಿಯೂ ಅಸಮತೆಯೂ ಒಂದರಿಂದೊಂದನ್ನು ಬಿಡಿಸಲಾಗದಂತೆ ಹೆಣೆದುಕೊಂಡಿದ್ದವು.

ಯಾದಗಿರಿಯ ಮೆಥಡಿಸ್ಟರ ಹೋಲ್‌ಸ್ಟನ್ ಆಸ್ಪತ್ರೆ ಇನ್ನೊಂದು ಬಗೆಯದು. ಅದರ ಹೆಸರು ಅಮೆರಿಕೆಯ ಟೆನೆಸ್ಸಿ–ವರ್ಜೀನಿಯ ಭಾಗದ ಮೆಥಡಿಸ್ಟ್ ಸಭೆಗಳ ಒಕ್ಕೂಟದ ಹೆಸರು. ರೋಗಿಗೆ ಹೆಸರು ಮುಖ್ಯವಲ್ಲ, ಔಷಧ ಮುಖ್ಯ. ಆದರೂ ಕೊಟ್ಟವರ ಹೆಸರು ಪಡೆದವರ ಊರಿನಲ್ಲಿ ನೆಲಸುತ್ತದೆಂಬುದನ್ನು ಗಮನಿಸಬೇಕು.

ಕೊಡುಗೆಗೆ ಹಿಂಗೊಡುಗೆಯ ಋಣ ಅಂಟಿಕೊಂಡಿರುತ್ತದೆಂದು ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಪ್ರತಿಪಾದಿಸಿದನು. ನಮ್ಮ ರೈತರಿಗೆ ಇದು ಹೊಸತಲ್ಲ. ಮದುವೆಯಲ್ಲಿ ಇಟ್ಟ ಮುಯ್ಯಿಯನ್ನು ನೆನಪಿಟ್ಟು ತೀರಿಸುತ್ತಾರೆ. ಹೊಲದ ಕೆಲಸಕ್ಕೆ ಬಂದ ಮುಯ್ಯಾಳಿಗೆ ಪ್ರತಿಯಾಗಿ ಆಳು ಕಳುಹಿಸುತ್ತಾರೆ. ಮುಯ್ಯಿ ತೀರಿಸಲು ಎಡೆಗೊಡದ ಉಪಕಾರ ಪಡೆದವನನ್ನು ಸಣ್ಣವನನ್ನಾಗಿಸುತ್ತದೆ. ಆದುದರಿಂದ ನೆರವಿನ ಲೆಕ್ಕಕ್ಕಿಂತ, ಒಳನಾಡಿನವರು ಏನನ್ನು ಕೊಡಬಲ್ಲರೆಂಬುದನ್ನೇ ಮೊದಲು ಕೇಳಬೇಕೆಂದು ನಮ್ಮ ಅಭಿಪ್ರಾಯ.

ಅವರು ಕೊಡಬಲ್ಲುದು ಬಹಳವಿದೆ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನದ ಮೊಂತಿ ಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಯ್ದು ಹೊಸಕ್ಕಿ ಉಣ್ಣುತ್ತಾರೆ. ಆ ಹೊತ್ತಿಗೆ ಯಾದಗಿರಿ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬಿತ್ತಿಯೇ ಇರುವುದಿಲ್ಲ. ಇಲ್ಲಿಯ ಹೊಲದ ಹಬ್ಬ ಎಳ್ಳಮಾವಾಸ್ಯೆ. ಪೈರಿನ ನಡುವೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಗಳನ್ನು ಜಾತಿಮತ ನೋಡದೆ ಬಂದವರಿಗೆಲ್ಲ ಬಡಿಸುವ ದಿನ. ಅತಿಥಿ ತನ್ನ ಪಂಚಾಂಗವನ್ನು ಕಟ್ಟಿಟ್ಟು ಈ ಹಬ್ಬಕ್ಕೆ ಬಂದರೆ ಆತಿಥೇಯನೇ ದಾನಿಯಾಗುತ್ತಾನೆ. ಹಿಂದೂಗಳೂ ಮುಸಲ್ಮಾನರೂ ಕೂಡಿ ನಡೆದುಕೊಳ್ಳುವ ಸುರಪುರ ತಾಲ್ಲೂಕಿನ ತಿಂಥಣಿಯ ಮೌನೇಶ್ವರನ ಜಾತ್ರೆಯನ್ನೂ ಅವನು ನೋಡಿಹೋಗಬಹುದು. ಕಾಲೇಜಿನ ರಜೆ ನೋಡಿ ಏಪ್ರಿಲ್‌ನಲ್ಲಿ ಬರುವವರಿಗಾದರೋ ಅನೇಕ ಹಳ್ಳಿಗಳಲ್ಲಿ ಬೀಗ ಹಾಕಿದ ಬಾಗಿಲುಗಳೇ ಎದುರಾಗುತ್ತವೆ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಮುಟ್ಟದ ಊರುಗಳಿಂದ ಸಂಸಾರಸಮೇತ ಗುಳೆ ಹೋಗುವ ಕಾಲವದು.

ಅವರು ಹೋಗುವುದೆಲ್ಲಿಗೆ? ಬೆಂಗಳೂರಿಗೆ, ಮುಂಬಯಿಗೆ, ಹೈದರಾಬಾದಿಗೆ, ಕೆಲವರು ಮಂಗಳೂರಿಗೂ. ಕರಾವಳಿಯ ಕಟ್ಟಡಗಳಿಗೆ ಕಲ್ಲು ಗಾರೆ ಹೊರುವ ಉತ್ತರ ಕರ್ನಾಟಕದವರಲ್ಲಿ ಈ ಸೀಮೆಯವರೂ ಸೇರಿದ್ದಾರೆ. ಅವರಲ್ಲಿ ಕಥೋಲಿಕರು ವಿರಳ. ಆದರೆ ಅವರು ಸೋದರಿಯ ನೆರೆಹೊರೆಯವರು. ಯಾದಗಿರಿಗೆ ಹೊರಡುವ ತಂಡವೊಂದು ಜೋಳದ ನಾಡಿನ ಕನ್ನಡವನ್ನು ಕಲಿಯಬೇಕೆಂದಿದ್ದರೆ, ತನ್ನ ಇಗರ್ಜಿಯ ಬೀದಿಯಲ್ಲಿ ಸಂಜೆ ಕೆಲಸ ಬಿಟ್ಟು ಬರುವ ಈ ಜನರನ್ನು ಮೊದಲು ಮಾತನಾಡಿಸಬಹುದು.