ವಿಮಾನ ಯೋಧರ ಚರ್ಮದ ಜಾಕೆಟ್: ಪಡಿಯಚ್ಚೋ, ಕೂಟಶಾಸನವೋ?

ಹಳೆಯ ಯುದ್ಧವಿಮಾನಗಳ ಚಾಲಕರು ತೊಡುತ್ತಿದ್ದ ಮಾದರಿಯ ಕಂದು ಚರ್ಮದ ಜಾಕೆಟ್ಟಿಗೆ ಯುವಕರಲ್ಲಿ ದೊಡ್ಡ ಆಕರ್ಷಣೆಯಿದೆ. ಮೋಟಾರ್ ಸೈಕಲ್ ಸವಾರನಿಗೆ ಅದು ಗಾಳಿಗೆ ತಡೆ. ಸಿನಿಮಾ ನೋಡಿದವನಿಗೆ ಶೌರ್ಯದ ಗುರುತು. ಮೊದಲು ಇದಕ್ಕಾಗಿ ಬೆಂಗಳೂರಿಗೋ ಮುಂಬಯಿಗೋ ಹೋಗಬೇಕಿತ್ತು. ಈಗ ಮೊಬೈಲಿನಲ್ಲಿ ಚಿತ್ರ ನೋಡಿ ಹಣ ಕಳಿಸಿದರೆ ಹಾನಗಲ್ಲ ತಾಲ್ಲೂಕಿನ ಆಡೂರಿನಂಥ ಊರಿಗೂ ಕೊರಿಯರಿನಲ್ಲಿ ಬರುತ್ತದೆ. ಮಾರುವವರ ಮಾತು ಮಾತ್ರ ಒಂದೇ ತೆರನಲ್ಲ. ಒಬ್ಬ ‘ಹಳೆಯ ಮಾದರಿ ನೋಡಿ ಹೊಲಿದದ್ದು’ ಎಂದರೆ, ಇನ್ನೊಬ್ಬ ‘ಎರಡನೇ ಮಹಾಯುದ್ಧದ ಅಸಲಿ ಮಾಲು’ ಎನ್ನುತ್ತಾನೆ. ಹಾಗಾದರೆ ಕೊಳ್ಳುವವನು ಹಣ ಕೊಡುವುದು ಚರ್ಮಕ್ಕೋ, ಕಥೆಗೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ಆಡೂರೇ ಒಂದು ದಾರಿ ತೋರಿಸುತ್ತದೆ. ಜಿನಾಲಯಕ್ಕೆ ಬಿಟ್ಟ ದತ್ತಿಯನ್ನು ಹೇಳುವ, ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಹೆಸರಿನ ಶಾಸನದಿಂದ ಈ ಊರು ಇತಿಹಾಸಕಾರರಿಗೆ ಪರಿಚಿತ. ಶಾಸನವನ್ನು ಓದುವವರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಸವರಿ ಪಡಿಯಚ್ಚು ತೆಗೆಯುತ್ತಾರೆ. ಪಡಿಯಚ್ಚು ಮೂಲವಲ್ಲ, ಮೂಲವೆಂದು ಅದು ಹೇಳಿಕೊಳ್ಳುವುದೂ ಇಲ್ಲ. ಇದಕ್ಕೆ ವಿರುದ್ಧವಾದದ್ದು ಕೂಟಶಾಸನ. ಭೂಮಿಯ ಹಕ್ಕಿಗಾಗಿಯೋ ಪ್ರತಿಷ್ಠೆಗಾಗಿಯೋ ಎಷ್ಟೋ ಕಾಲದ ನಂತರ ಹಳೆಯ ಅರಸನ ಹೆಸರಿನಲ್ಲಿ ಬರೆಸಿದ್ದು ಅದು. ಗಂಗರ ಹೆಸರಿನ ಹಲವು ತಾಮ್ರಪಟಗಳು ಇಂಥವೆಂದು ವಿದ್ವಾಂಸ ಜೆ.ಎಫ್. ಫ್ಲೀಟ್ ವಾದಿಸಿದ್ದರು. ಲಿಪಿ ಕಾಲಕ್ಕೆ ಹೊಂದುತ್ತದೆಯೇ, ತಿಥಿ-ವಾರಗಳು ಕೂಡಿಬರುತ್ತವೆಯೇ ಎಂದು ನೋಡಿ ಇವನ್ನು ಗುರುತಿಸುತ್ತಾರೆ. ಜಾಕೆಟ್ಟಿನ ಪರೀಕ್ಷೆಯೂ ಹೆಚ್ಚು ಕಡಿಮೆ ಇದೇ.

ಮೊದಲು ಮೂಲವನ್ನು ಅರಿಯಬೇಕು. ಮೇಲೇರಿದಂತೆ ಪ್ರತಿ 1,000 ಮೀಟರಿಗೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನೆಲದ ಮೇಲೆ 30 ಡಿಗ್ರಿ ಸೆಖೆಯಿದ್ದರೂ 6,000 ಮೀಟರ್ ಎತ್ತರದಲ್ಲಿ ನೀರು ಹೆಪ್ಪುಗಟ್ಟುವ ಚಳಿ. ತೆರೆದ ವಿಮಾನದಲ್ಲಿ ಕುಳಿತವನಿಗೆ ಗಾಳಿಯ ಹೊಡೆತ ಬೇರೆ. ನೇಯ್ದ ಬಟ್ಟೆಯೊಳಗೆ ಗಾಳಿ ನುಸುಳುತ್ತದೆ, ಚರ್ಮದೊಳಗೆ ನುಸುಳದು. ಅಮೆರಿಕದ ಸೇನೆಯ ವೈಮಾನಿಕ ವಿಭಾಗ 1931ರಲ್ಲಿ ಗೊತ್ತುಮಾಡಿದ ‘ಎ-2’ ಜಾಕೆಟ್ ಈ ಬಗೆಯಲ್ಲಿ ಅತ್ಯಂತ ಪ್ರಸಿದ್ಧ. ಅದಕ್ಕೆ ಹೆಚ್ಚಾಗಿ ಕುದುರೆಯ ಚರ್ಮ, ಕೆಲವಕ್ಕೆ ಮೇಕೆಯ ಚರ್ಮ. ಮುಂದೆ ಝಿಪ್, ಕಾಲರಿಗೆ ಟಿಚ್ ಗುಂಡಿ, ಭುಜಪಟ್ಟಿ, ಮುಚ್ಚಳವಿರುವ ಎರಡು ಕಿಸೆ, ಮಣಿಕಟ್ಟು ಮತ್ತು ಸೊಂಟಕ್ಕೆ ಉಣ್ಣೆಯ ಹೆಣಿಗೆಯ ಪಟ್ಟಿ. ಇನ್ನೂ ಎತ್ತರದ ಚಳಿಗೆ ತುಪ್ಪಳ ಒಳಗಿಟ್ಟ ಕುರಿಚರ್ಮದ ಜಾಕೆಟ್‌ಗಳು ಬಂದವು. ಬ್ರಿಟಿಷ್ ವಾಯುಪಡೆಯ ‘ಇರ್ವಿನ್’ ಜಾಕೆಟ್ ಅಂಥದು. ಅದನ್ನು ರೂಪಿಸಿದವನು ಪ್ಯಾರಾಚೂಟ್ ತಯಾರಕ ಲೆಸ್ಲಿ ಇರ್ವಿನ್. 1943ರಲ್ಲಿ ಅಮೆರಿಕ ಬಟ್ಟೆಯ ಜಾಕೆಟ್ಟಿನತ್ತ ಹೊರಳಿತು. ನೌಕಾದಳದ ವೈಮಾನಿಕರದು ತುಪ್ಪಳದ ಕಾಲರಿನ ‘ಜಿ-1’. ಅದನ್ನು ಜಗತ್ತಿನ ಯುವಕರಿಗೆಲ್ಲ ಪರಿಚಯಿಸಿದ್ದು 1986ರ ‘ಟಾಪ್ ಗನ್’ ಚಿತ್ರ.

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲುಂಟು. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿಸಿದರು. ಅವರಿಗೆ ನೆರವಾದ ಅಮೆರಿಕದ ವಿಲಿಯಂ ಪಾಲಿ, ಚೀನಾದ ಪರವಾಗಿ ಹೋರಾಡಿದ ‘ಹಾರುವ ಹುಲಿಗಳು’ ಎಂಬ ವೈಮಾನಿಕರ ತಂಡವನ್ನು ಕಟ್ಟುವುದರಲ್ಲೂ ಕೈಯಿದ್ದವನು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಗೆ ಹೋಯಿತು. ಚೀನಾ-ಬರ್ಮಾ-ಇಂಡಿಯಾ ರಣಾಂಗಣದ ವಿಮಾನಗಳು ದುರಸ್ತಿಗಾಗಿ ಬೆಂಗಳೂರಿಗೆ ಬಂದವು.

ಆ ರಣಾಂಗಣದ ವೈಮಾನಿಕರ ಜಾಕೆಟ್ಟುಗಳಿಗೆ ಒಂದು ವಿಶೇಷವಿತ್ತು. ಬಣ್ಣದ ಚರ್ಮದ ಚೂರುಗಳನ್ನು ಕತ್ತರಿಸಿ ಜೋಡಿಸಿ ಹೊಲಿದ ಲಾಂಛನಗಳು ಹಲವರ ಜಾಕೆಟ್ಟಿನ ಮೇಲಿದ್ದವು. ಮೇಲ್ಭಾಗದಲ್ಲಿ ಚೀನಾದ ಸೂರ್ಯ, ಭಾರತದ ನಕ್ಷತ್ರ. ಕೆಳಗೆ ಕೆಂಪು-ಬಿಳಿ ಪಟ್ಟೆ. ಕೆಲವರು ಚೀನಾದ ಬಾವುಟವಿರುವ ತುಂಡನ್ನೂ ಹೊಲಿಸಿಕೊಳ್ಳುತ್ತಿದ್ದರು. ವಿಮಾನ ಬಿದ್ದರೆ ಈ ಪರದೇಶಿಯನ್ನು ಕಾಪಾಡಿ ಎಂದು ಹಳ್ಳಿಗರಿಗೆ ಅದರಲ್ಲಿ ಚೀನೀ ಭಾಷೆಯ ಕೋರಿಕೆ. ಇಂಥ ಲಾಂಛನಗಳಲ್ಲಿ ಎಷ್ಟೋ ಭಾರತದ ಚರ್ಮಕುಶಲಿಗಳ ಕೈಯಿಂದಲೇ ಆದವು. ಜಾಕೆಟ್ಟಿನ ಲೇಬಲ್ಲಿನಲ್ಲಿ ಅಮೆರಿಕದ ಕಾರ್ಖಾನೆಯ ಹೆಸರಿದೆ. ಲಾಂಛನ ಹೊಲಿದವನ ಹೆಸರಿಲ್ಲ. ಚರ್ಮದ ಕೆಲಸ ಮಾಡುವವರನ್ನು ಊರ ಹೊರಗಿಟ್ಟು, ಅವರು ಹೊಲಿದ ಚಪ್ಪಲಿಯನ್ನು ಮೆಟ್ಟಿ ನಡೆದ ನಾಡಿನಲ್ಲಿ ಇದು ಹೊಸ ಸಂಗತಿಯೇನಲ್ಲ. ಇಂದು ಅದೇ ಲಾಂಛನಗಳಿಗೆ ಸಂಗ್ರಾಹಕರ ಲೋಕದಲ್ಲಿ ಒಳ್ಳೆಯ ಬೆಲೆ. ಬೆಲೆಯಿದ್ದಲ್ಲಿ ನಕಲೂ ಹುಟ್ಟುತ್ತದೆ.

ಆದ್ದರಿಂದ ‘ಅಸಲಿ’ ಎಂದವನ ಮಾಲಿನಲ್ಲಿ ತಿಥಿ-ವಾರ ನೋಡಬೇಕು. ‘ಎ-2’, ‘ಯು.ಎಸ್. ಆರ್ಮಿ’ ಎಂಬ ಲೇಬಲ್ ಒಂದೇ ಸಾಕ್ಷಿಯಾಗದು. ಅದನ್ನು ಯಾರೂ ನೇಯಿಸಬಹುದು. ಒಳಗಿನ ಅಸ್ತರು ಪಾಲಿಯೆಸ್ಟರ್ ಆಗಿದ್ದರೆ ಜಾಕೆಟ್ಟಲ್ಲದಿದ್ದರೂ ಅಸ್ತರಂತೂ ಯುದ್ಧಕಾಲದ್ದಲ್ಲ. ಆ ಬಟ್ಟೆ ಮಾರುಕಟ್ಟೆಗೆ ಬಂದದ್ದೇ ಯುದ್ಧ ಮುಗಿದ ಮೇಲೆ. ‘ಎ-2’ಗೆ ಪಕ್ಕದಿಂದ ಕೈ ತೂರಿಸುವ ಕಿಸೆಯಿದ್ದರೆ ಅದು ಮೂಲದ ವಿನ್ಯಾಸವಲ್ಲ.

ಮಾದರಿ ಪ್ರತಿ ಎಂದೇ ಹೇಳಿ ಮಾರುವ ಜಾಕೆಟ್ಟಿನಲ್ಲಿ ನೋಡಬೇಕಾದದ್ದು ಚರ್ಮ ಮತ್ತು ಹೊಲಿಗೆ. ‘ಅಪ್ಪಟ ಚರ್ಮ’ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬಾರದು. ದಪ್ಪ ತೊಗಲನ್ನು ಸೀಳಿದಾಗ ಸಿಗುವ ಕೆಳಪದರಕ್ಕೆ ಬಣ್ಣ ಬಳಿದರೂ ಅದು ಚರ್ಮವೇ. ಆದರೆ ಗಟ್ಟಿ ಇರುವುದು ಮೇಲ್ಪದರ. ಮೇಲ್ಪದರದಲ್ಲಿ ರೋಮರಂಧ್ರ ಕಾಣುತ್ತದೆ, ಗೆರೆಗಳು ಒಂದೇ ಸಮನಾಗಿರುವುದಿಲ್ಲ. ಅಚ್ಚೊತ್ತಿದಂತೆ ಒಂದೇ ಸಮನಾಗಿದ್ದರೆ ಸಂಶಯಪಡಬೇಕು. ಕತ್ತರಿಸಿದ ಅಂಚಿನಲ್ಲಿ ಬಟ್ಟೆಯ ಎಳೆ ಕಂಡರೆ ಅದು ರೆಕ್ಸಿನ್. ನಮ್ಮಲ್ಲಿ ಹಿಂದೆ ತಂಗಡಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡುತ್ತಿದ್ದರು. ಇಂದು ಬಹುಪಾಲು ಕ್ರೋಮ್ ಹದ. ತೊಗಟೆಯ ಹದದ ಚರ್ಮ ಮೊದಲು ಬಿರುಸು, ಬಳಸಿದಂತೆ ಮೈಗೆ ಹೊಂದುತ್ತದೆ. ಕ್ರೋಮಿನದು ಮೊದಲಿನಿಂದಲೂ ಮೆದು.

ಅಳತೆಯನ್ನೂ ಮರೆಯಬಾರದು. ಮೂಲ ‘ಎ-2’ ಮೈಗೆ ಬಿಗಿ, ಸೊಂಟಕ್ಕೆ ಗಿಡ್ಡ. ಎದೆಯ ಸುತ್ತಳತೆಯೊಂದನ್ನೇ ನಂಬದೆ ಭುಜ ಮತ್ತು ತೋಳಿನ ಅಳತೆ ಕೇಳಿ ತರಿಸಬೇಕು. ಹಾನಗಲ್ಲ ಮಲೆನಾಡಿನ ಅಂಚು. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಗಾಳಿಯಾಡುವಲ್ಲಿ ತೂಗುಹಾಕಬೇಕು. ಒದ್ದೆಯಾದರೆ ಬಿಸಿಲಿಗೂ ಒಲೆಗೂ ಒಡ್ಡದೆ ನೆರಳಲ್ಲಿ ಒಣಗಿಸಬೇಕು.

ತೊಡುವವನು ಕಾನೂನನ್ನೂ ತಿಳಿದಿರಬೇಕು. 2016ರ ಪಠಾಣ್‌ಕೋಟ್ ದಾಳಿಯ ನಂತರ, ಸೇನೆಯ ಸಮವಸ್ತ್ರದಂಥ ಉಡುಪನ್ನು ತೊಡಬೇಡಿ, ಮಾರಬೇಡಿ ಎಂದು ಭೂಸೇನೆ ಸಾರ್ವಜನಿಕರನ್ನು ಕೋರಿತು. ಯೋಧನೆಂದು ನಂಬಿಸುವ ಉದ್ದೇಶದಿಂದ ಯೋಧನ ಉಡುಪು ಅಥವಾ ಲಾಂಛನ ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಅಪರಾಧ. ಮೂರು ತಿಂಗಳವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಎಂಬತ್ತು ವರ್ಷದ ಹಿಂದಿನ ಪರದೇಶದ ಮಾದರಿಯ ಜಾಕೆಟ್ ತೊಟ್ಟ ಮಾತ್ರಕ್ಕೆ ಅಪರಾಧವಾಗದು. ಆದರೆ ಅದರ ಮೇಲೆ ಭಾರತೀಯ ವಾಯುಪಡೆಯ ರೆಕ್ಕೆಯ ಲಾಂಛನ ಅಂಟಿಸಿಕೊಂಡು ಜನರನ್ನು ನಂಬಿಸಲು ಹೋದರೆ ಮಾತು ಬೇರೆ. ಆ ರೆಕ್ಕೆಯನ್ನು ದುಡಿದು ಪಡೆಯಬೇಕು.

ಕೊನೆಯದಾಗಿ, ಮಾರುವವನು ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು: ಯಾವ ಪ್ರಾಣಿಯ ಚರ್ಮ, ಮೂಲವೋ ಮಾದರಿ ಪ್ರತಿಯೋ, ಯಾವ ವರ್ಷದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕೊಂಡವನು ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಆಡೂರಿನವನು ದೆಹಲಿಗೆ ಅಲೆಯಬೇಕಿಲ್ಲ, ಹಾವೇರಿಯ ಆಯೋಗ ಸಾಕು. ಮಾದರಿ ಪ್ರತಿ ಎಂದು ಬರೆದುಕೊಡಲು ಹಿಂಜರಿಯದ ವ್ಯಾಪಾರಿಯ ಜಾಕೆಟ್ಟನ್ನು ಸಂಕೋಚವಿಲ್ಲದೆ ಕೊಳ್ಳಬಹುದು. ‘ಅಸಲಿ’ ಎಂದು ಹೇಳಿ ಬರೆದುಕೊಡಲು ಒಪ್ಪದವನಿಂದ ಕೊಳ್ಳದಿರುವುದೇ ಲೇಸು.