ದುಬೈ ಕೋರ್ಟಿಗೆ ನಮ್ಮೂರ ವಕೀಲರು?

ಪ್ರಶ್ನೆ: ದುಬೈಯಲ್ಲಿ ಕ್ರಿಮಿನಲ್ ಕೇಸಿನಲ್ಲಿ ಸಿಕ್ಕಿಕೊಂಡವರಿಗೆ ಊರಿನಿಂದ ವಕೀಲರನ್ನು ಕಳಿಸಬಹುದೇ? ವಕೀಲ ಹರೀಶ್ ಸಾಳ್ವೆ, ಪಾಕಿಸ್ತಾನದ ಜೈಲಿನಲ್ಲಿರುವ ಭಾರತೀಯ ಕುಲಭೂಷಣ್ ಜಾಧವ್ ಪರ ವಿದೇಶದಲ್ಲಿ ವಾದಿಸಿದ್ದರಲ್ಲ?

ಉತ್ತರ: ಕಳಿಸಬಹುದು, ಆದರೆ ಅವರು ಅಲ್ಲಿನ ನ್ಯಾಯಾಧೀಶರ ಮುಂದೆ ವಾದಿಸುವಂತಿಲ್ಲ. ಸಾಳ್ವೆ ವಾದಿಸಿದ್ದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ. ಅವರ ಕಕ್ಷಿದಾರ ಭಾರತ ಸರ್ಕಾರ, ಜಾಧವ್ ಅಲ್ಲ. 2019ರಲ್ಲಿ ತೀರ್ಪು ಬಹುಮಟ್ಟಿಗೆ ನಮ್ಮ ಪರವಾಗಿಯೇ ಬಂತು. ಆದರೂ ಮುಂದೆ ಇಸ್ಲಾಮಾಬಾದ್ ಹೈಕೋರ್ಟಿನಲ್ಲಿ ಜಾಧವ್ ಪರ ಭಾರತದ ವಕೀಲರು ನಿಲ್ಲಲು ಪಾಕಿಸ್ತಾನ ಒಪ್ಪಲಿಲ್ಲ, ಅಲ್ಲಿನ ಸನ್ನದು ಇರಲೇಬೇಕೆಂದಿತು. ಹಟಮಾರಿತನ ಅನ್ನಿಸಬಹುದು. ಆದರೆ ವಿದೇಶಿ ವಕೀಲರು ಇಲ್ಲಿ ವಕೀಲಿ ವೃತ್ತಿ ನಡೆಸುವಂತಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಕೂಡ 2018ರಲ್ಲಿ ಹೇಳಿದೆಯಲ್ಲ!

ದುಬೈ ಕೋರ್ಟಿನ ಕಲಾಪ ಅರಬ್ಬಿಯಲ್ಲಿ ನಡೆಯುತ್ತದೆ, ಅಲ್ಲಿ ಪರವಾನಗಿ ಇರುವ ವಕೀಲರೇ ಬೇಕು. ಬಂಧನವಾದೊಡನೆ ‘ಭಾರತದ ಕಾನ್ಸುಲೇಟಿಗೆ ತಿಳಿಸಿ’ ಎಂದು ಕೇಳಬೇಕು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಟ್ಟ ಹಕ್ಕು ಅದು. ಕಾನ್ಸುಲೇಟಿನವರು ಜೈಲಿಗೆ ಬಂದು ಕಾಣಬಹುದು, ವಕೀಲರನ್ನು ಹುಡುಕಲು ನೆರವಾಗಬಹುದು. ಕೈಯಲ್ಲಿ ಕಾಸಿಲ್ಲದವರಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕಾನೂನು ನೆರವು ಕೇಳಲು ಅವಕಾಶವಿದೆ. ಅಷ್ಟರೊಳಗೆ ಅರಬ್ಬಿಯ ಯಾವ ಹೇಳಿಕೆಗೂ ಅರ್ಥ ತಿಳಿಯದೆ ರುಜು ಹಾಕಬಾರದು. ಊರಿನ ವಕೀಲರಿಗೂ ಕೆಲಸವಿದೆ: ಇಲ್ಲಿನ ದಾಖಲೆಗಳನ್ನು ದೃಢೀಕರಿಸಿ ಕಳಿಸುವುದು, ಅಲ್ಲಿನ ವಕೀಲರು ಹೇಳಿದ್ದನ್ನು ಮನೆಯವರಿಗೆ ಬಿಡಿಸಿ ಹೇಳುವುದು.