ಮಗ್ಗಿ: ಏರಿದ ಮೆಟ್ಟಿಲು ಇಳಿಯಲೂ ಬರಬೇಕು

ಸಂಜೆ ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿ ಸಾಲಾಗಿ ಕುಳಿತು 'ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು' ಎಂದು ರಾಗವಾಗಿ ಮಗ್ಗಿ ಹೇಳುವುದು ಹಳೆಯ ಮೈಸೂರು ಸೀಮೆಯ ರೂಢಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಹಳ್ಳಿಗಳೂ ಇದಕ್ಕೆ ಹೊರತಲ್ಲ. ರಾಗ ತಪ್ಪದೆ ಇಪ್ಪತ್ತರ ಮಗ್ಗಿಯವರೆಗೆ ಒಪ್ಪಿಸುವ ಮಗುವನ್ನು ಒಮ್ಮೆ ನಡುವಿನಿಂದ ಕೇಳಿ ನೋಡಿ: 'ಏಳೆಂಟ್ಲಿ ಎಷ್ಟು?' ಅದು ಏಳೊಂದ್ಲಿಯಿಂದ ಮೆಟ್ಟಿಲು ಹತ್ತಿಕೊಂಡು ಬರುವ ಸಂಭವವೇ ಹೆಚ್ಚು. '56ರಲ್ಲಿ 7 ಎಷ್ಟು ಸಲ?' ಎಂದರೆ ಕೆಲವರು ಮೌನಿಗಳಾಗುತ್ತಾರೆ.

ಈ ಮೌನ ಸಣ್ಣದಲ್ಲ. ಭಾಗಾಕಾರ ಬಾರದ ಮಗು ಮುಂದೆ ಭಿನ್ನರಾಶಿ, ಶೇಕಡಾ, ಬಡ್ಡಿ ಲೆಕ್ಕ ಎಲ್ಲದರಲ್ಲೂ ಎಡವುತ್ತದೆ. 2005ರಿಂದ ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆ ಬಾಗಿಲಲ್ಲೇ ಅಳೆಯುತ್ತ ಬಂದಿರುವ 'ಅಸರ್' ಸಮೀಕ್ಷೆಯ ಗಣಿತದ ಕೊನೆಯ ಮೆಟ್ಟಿಲೂ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದೇ.

ಸಂತೆಗಾಗಿ ಹುಟ್ಟಿದ ಪಾಠ

ಕನ್ನಡದಲ್ಲಿ ಲೆಕ್ಕದ ಪರಂಪರೆ ಹಳೆಯದು. 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಕೂಲಿಮಠಗಳ ಐಗಳು ಪೂರ್ಣಾಂಕದ ಮಗ್ಗಿಯ ಜತೆಗೆ ಕಾಲು, ಅರೆ, ಮುಕ್ಕಾಲು, ವೀಸಗಳ ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು, ಸೇರಿಗೆ 4 ಪಾವು, ಖಂಡುಗಕ್ಕೆ 20 ಕೊಳಗ ಇದ್ದ ಕಾಲವದು. ಸೇರಿಗೆ ಮುಕ್ಕಾಲು ರೂಪಾಯಿಯಾದರೆ ಏಳು ಸೇರಿಗೆ ಐದೂಕಾಲು ಎಂದು ನಿಂತ ನಿಲುವಿನಲ್ಲೇ ಹೇಳಬೇಕಿತ್ತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ಅದರ ಬೆನ್ನಿಗೇ ಮೆಟ್ರಿಕ್ ಅಳತೆ. ಕಾಲು, ಮುಕ್ಕಾಲಿನ ಮಗ್ಗಿಗಳು ಮರೆಯಾದವು. ಪೂರ್ಣಾಂಕದ ಮಗ್ಗಿ ಉಳಿಯಿತು. ಸಂತೆಯಿಂದ ಬೇರ್ಪಟ್ಟು ಬರಿಯ ರಾಗವಾಗಿ ಉಳಿದದ್ದೂ ಉಂಟು.

ನೂರು ಹತ್ತಾಗುವ ಬಗೆ

ಹತ್ತರವರೆಗಿನ ಮಗ್ಗಿಯಲ್ಲಿ ಒಟ್ಟು 100 ಸಾಲುಗಳು. ಮಗು ಹೆದರುವುದು ಇದಕ್ಕೇ. ಆದರೆ ಏಳೆಂಟೂ ಎಂಟೇಳೂ ಒಂದೇ ಎಂದು ತಿಳಿದರೆ 55 ಮಾತ್ರ. ಒಂದರ ಮತ್ತು ಹತ್ತರ ಮಗ್ಗಿ ಕಲಿಯದೆಯೇ ಬರುತ್ತದೆ, ಉಳಿದದ್ದು 36. ಎರಡು, ಐದು ಸುಲಭ. ಅವನ್ನು ತೆಗೆದರೆ 21. ಒಂಬತ್ತರ ಮಗ್ಗಿಯಲ್ಲಿ ಉತ್ತರದ ಹತ್ತರ ಸ್ಥಾನ ಗುಣಿಸುವ ಅಂಕಿಗಿಂತ ಒಂದು ಕಡಿಮೆ, ಎರಡೂ ಅಂಕಿ ಕೂಡಿದರೆ ಒಂಬತ್ತು: ಒಂಬತ್ತೇಳ್ಲಿ 63. ಈಗ 15. ನಾಲ್ಕರ ಮಗ್ಗಿ ಎಂದರೆ ಇಮ್ಮಡಿಯ ಇಮ್ಮಡಿ. ಕೊನೆಗೆ ಉಳಿಯುವುದು 3, 6, 7, 8ರ ನಡುವಿನ ಹತ್ತೇ ಹತ್ತು. ಗಟ್ಟಿಯಾಗಿ ಬಾಯಿಪಾಠ ಆಗಬೇಕಾದದ್ದು ಇಷ್ಟೇ.

ಇನ್ನು ಭಾಗಾಕಾರ. ಚೌಕಾಬಾರಕ್ಕೆ ತೆಗೆದಿಟ್ಟ ಹುಣಸೆ ಬೀಜ ಸಾಕು. ಎಂಟೆಂಟರಂತೆ ಏಳು ಸಾಲು ಜೋಡಿಸಿ, ಮಗುವನ್ನು ಪಕ್ಕದಿಂದ ನೋಡಲು ಹೇಳಿ: ಏಳೇಳರ ಎಂಟು ಸಾಲು. 56 ಬೀಜವನ್ನು ಏಳು ಜನಕ್ಕೆ ಹಂಚಿದರೆ ತಲೆಗೆ ಎಂಟು, ಎಂಟು ಜನಕ್ಕಾದರೆ ಏಳು. ಒಂದೇ ಜೋಡಣೆಯಲ್ಲಿ ನಾಲ್ಕು ಪಾಠ. ಭಾಗಾಕಾರವೆಂದರೆ ಬೇರೆ ವಿದ್ಯೆಯಲ್ಲ, ಮಗ್ಗಿಯನ್ನೇ ಹಿಂದಿನಿಂದ ಓದುವುದು ಎಂಬುದು ಮಗುವಿಗೆ ಕಣ್ಣಾರೆ ತಿಳಿಯುತ್ತದೆ.

ದಿನಕ್ಕೆ ಎರಡು ಮೂರು ಹೊಸ ಸಾಲು, ಹತ್ತು ನಿಮಿಷ ಸಾಕು. ಕಲಿತದ್ದನ್ನು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಅಡ್ಡಾದಿಡ್ಡಿಯಾಗಿ ಕೇಳಬೇಕು. ನೂರು ಸಲ ಬರೆಸುವುದಕ್ಕಿಂತ ನೆನಪಿನಿಂದ ತೆಗೆಸುವುದು ಮೇಲು. ಬೆತ್ತ ಕಂಡರೆ ಬಂದದ್ದೂ ಮರೆತುಹೋಗುತ್ತದೆ.

ಮಗು ಇಂಗ್ಲಿಷ್ ಶಾಲೆಯಲ್ಲಿ 'ಟೂ ವನ್ ಜಾ ಟೂ' ಎನ್ನುತ್ತದೆ, ನಮಗೇನು ತಿಳಿದೀತು ಎಂದು ಸುಮ್ಮನಾಗುವ ಅಜ್ಜಿಯರಿದ್ದಾರೆ. ಸುಮ್ಮನಾಗಬೇಕಿಲ್ಲ. ಹಿಂದಿಯ 'ಛಪ್ಪನ್' ಎಂಬಲ್ಲಿ ಆರರ ಸುಳಿವಿದ್ದರೂ ಐವತ್ತು ಸುಲಭಕ್ಕೆ ಕಾಣದು. ನಮ್ಮ ಐವತ್ತಾರಿನಲ್ಲಿ ಎರಡೂ ಎದ್ದು ಕಾಣುತ್ತವೆ. ಅಜ್ಜಿ ಕನ್ನಡದಲ್ಲಿ ಕೇಳಲಿ, ಮೊಮ್ಮಗು ಯಾವ ಭಾಷೆಯಲ್ಲಾದರೂ ಹೇಳಲಿ. ಕೇಳುವಾಗ ಮಾತ್ರ ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಕೇಳಲಿ.